ಪಡಸಾಲೆಯ ಜೋಡಿ ಸ್ಪೀಕರೋ, ಮನೆತುಂಬ ವೈರ್‌ಲೆಸ್ಸೋ: ಯಮನೂರು ಸೀಮೆಯಿಂದ ಒಂದು ಸಂಶೋಧನಾ ಟಿಪ್ಪಣಿ

ಹಾಡು ಕೇಳುವ ಸಾಮಾನು ಕೊಳ್ಳಲು ಹುಬ್ಬಳ್ಳಿಯ ಅಂಗಡಿಗೆ ಹೋದವರ ಮುಂದೆ ಈಗ ಎರಡು ದಾರಿಗಳಿರುತ್ತವೆ. ಆಂಪ್ಲಿಫೈಯರ್, ಎರಡು ಸ್ಪೀಕರ್ ಪೆಟ್ಟಿಗೆ, ನಡುವೆ ತಂತಿ ಇರುವ ಹಳೆಯ ಹೈ-ಫೈ ಒಂದು. ಕೋಣೆಗೊಂದರಂತೆ ಇಟ್ಟು, ವೈ-ಫೈ ಮೂಲಕ ಕೂಡಿಸಿ, ಮೊಬೈಲಿನಿಂದ ನಡೆಸುವ ಮಲ್ಟಿ-ರೂಮ್ ಸ್ಪೀಕರುಗಳು ಇನ್ನೊಂದು. ಇದನ್ನು ಹಳೆಯದು ಮತ್ತು ಹೊಸದರ ನಡುವಿನ ಜಗಳವಾಗಿ ನೋಡುವುದು ವಾಡಿಕೆ. ನವಲಗುಂದ ತಾಲೂಕಿನ ಯಮನೂರಿನಂಥ ಊರಿನಿಂದ ನೋಡಿದರೆ ಆ ನೋಟ ನಿಲ್ಲುವುದಿಲ್ಲ ಎಂಬುದು ಈ ಟಿಪ್ಪಣಿಯ ವಾದ. ಎರಡೂ ಬಗೆಯ ಆಲಿಕೆ ಈ ಸೀಮೆಯಲ್ಲಿ ಬಹುಕಾಲದಿಂದ ಇವೆ, ಎರಡರ ಕೆಲಸವೂ ಬೇರೆ. ಮನೆಯ ಸಂಗೀತ ಎಲ್ಲಿಂದ ಬರುತ್ತದೆ, ಅದನ್ನು ಕೂತು ಕೇಳುತ್ತೇವೆಯೋ ಓಡಾಡುತ್ತ ಕೇಳುತ್ತೇವೆಯೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಯಮನೂರು ಬೆಣ್ಣಿಹಳ್ಳದ ದಂಡೆಯ ಊರು. ಹಿಂದೂಗಳು ಚಾಂಗದೇವನೆಂದೂ ಮುಸ್ಲಿಮರು ರಾಜಾಬಾಗ್ ಸವಾರನೆಂದೂ ನಡೆದುಕೊಳ್ಳುವ ದೈವ ಇಲ್ಲಿದೆ. ಹೋಳಿ ಹುಣ್ಣಿಮೆಯ ಬೆನ್ನಿಗೆ ಜಾತ್ರೆ ಕೂಡುತ್ತದೆ. ಇಂಥ ಜಾತ್ರೆಗಳಲ್ಲಿ ಮೈಕಿನವರು ಮಾಡುವ ಕೆಲಸವನ್ನು ಗಮನವಿಟ್ಟು ನೋಡಬೇಕು. ಒಂದೇ ದನಿ, ಹಲವು ಕಂಬಗಳ ಮೇಲಿನ ಹಾರ್ನುಗಳಿಂದ ಏಕಕಾಲಕ್ಕೆ ಹೊರಡುತ್ತದೆ. ಉದ್ದನೆಯ ತಂತಿಯಲ್ಲಿ ಶಕ್ತಿ ಸೋರಿಹೋಗದಿರಲೆಂದು ಆಂಪ್ಲಿಫೈಯರಿನ ಕೊನೆಯಲ್ಲಿ ವೋಲ್ಟೇಜನ್ನು 100ಕ್ಕೆ ಏರಿಸುತ್ತಾರೆ; ಪ್ರತಿ ಹಾರ್ನಿನ ಬಳಿ ಸಣ್ಣ ಟ್ರಾನ್ಸ್‌ಫಾರ್ಮರ್ ಅದನ್ನು ಮತ್ತೆ ಇಳಿಸುತ್ತದೆ. ಇದಕ್ಕೆ 100 ವೋಲ್ಟ್ ಲೈನ್ ಎನ್ನುತ್ತಾರೆ. ಒಂದು ದನಿಯನ್ನು ಹಲವು ಕಡೆಗೆ ಮುಟ್ಟಿಸುವುದೇ ಮಲ್ಟಿ-ರೂಮ್ ಸ್ಪೀಕರಿನ ಮೂಲ ಕೆಲಸವೂ ಹೌದು. ಹಾಗಾಗಿ ಅದರ ಪೂರ್ವಜನನ್ನು ಹುಡುಕಬೇಕಾದ್ದು ಹೈ-ಫೈ ಪೆಟ್ಟಿಗೆಯಲ್ಲಿ ಅಲ್ಲ, ಜಾತ್ರೆಯ ಕಂಬದ ಮೇಲೆ.

ಈ ಪೂರ್ವಜನಿಗಿದ್ದ ತೊಡಕೂ ಮರಿಗೆ ಬಂದಿದೆ. ಬೇಸಿಗೆ ಏರುವ ಹೊತ್ತಿನ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಬದಿಯ ಹಾರ್ನಿಗಿಂತ ಇನ್ನೊಂದು ಹಾರ್ನು 175 ಮೀಟರ್ ಆಚೆ ಇದ್ದರೆ ಅದರ ದನಿ ಅರ್ಧ ಸೆಕೆಂಡು ತಡವಾಗಿ ಬರುತ್ತದೆ. ಮಾತು ಮಾತಿನ ಮೇಲೆ ಬೀಳುತ್ತದೆ. ಎಷ್ಟು ತಡವನ್ನು ಕಿವಿ ಸಹಿಸುತ್ತದೆ ಎಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರ ತನ್ನ ಪ್ರಬಂಧದಲ್ಲಿ ಪರೀಕ್ಷಿಸಿದ್ದ. ಒಂದೇ ದನಿ ಎರಡು ಕಡೆಯಿಂದ ಬಂದರೂ ನಡುವಿನ ಅಂತರ ಸುಮಾರು 30 ಮಿಲಿಸೆಕೆಂಡಿನೊಳಗಿದ್ದರೆ ಕಿವಿ ಅದನ್ನು ಒಂದೇ ಎಂದು ತಗೊಳ್ಳುತ್ತದೆ. 50 ದಾಟಿದರೆ ಪ್ರತಿಧ್ವನಿ ಎದ್ದು ಕೇಳತೊಡಗುತ್ತದೆ. ವೈರ್‌ಲೆಸ್ ಸ್ಪೀಕರುಗಳಲ್ಲಿ ತಡ ಆಗುವುದು ಗಾಳಿಯಿಂದಷ್ಟೇ ಅಲ್ಲ. ಹಾಡು ತುಂಡುತುಂಡಾಗಿ ವೈ-ಫೈಯಲ್ಲಿ ಬರುತ್ತದೆ, ಪ್ರತಿ ಸ್ಪೀಕರ್ ಅದನ್ನು ಸ್ವಲ್ಪ ಕೂಡಿಟ್ಟುಕೊಂಡು ತನ್ನದೇ ಗಡಿಯಾರದ ಪ್ರಕಾರ ನುಡಿಸುತ್ತದೆ. ಆ ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸುತ್ತಲೇ ಇರಬೇಕು. ಅಡಿಗೆಮನೆ ಮತ್ತು ಪಡಸಾಲೆಯ ನಡುವೆ 20 ಮಿಲಿಸೆಕೆಂಡಿನ ವ್ಯತ್ಯಾಸ ಯಾರಿಗೂ ತಿಳಿಯದು. ಆದರೆ ಒಂದೇ ಕೋಣೆಯ ಎಡ-ಬಲದ ಜೋಡಿಯಲ್ಲಿ ಒಂದು ಮಿಲಿಸೆಕೆಂಡು ಹೆಚ್ಚು-ಕಡಿಮೆಯಾದರೂ ನಡುವೆ ನಿಂತಂತೆ ಕೇಳಬೇಕಾದ ಗಾಯಕರು ಒಂದು ಬದಿಗೆ ಸರಿದುಬಿಡುತ್ತಾರೆ. ತಂತಿಯ ಜೋಡಿಗೆ ಈ ಚಿಂತೆಯೇ ಇಲ್ಲ.

ಇನ್ನು ಕೂತು ಕೇಳುವ ಪರಂಪರೆ. ಅದರ ಮೂಲ ನೆಲೆ ಯಮನೂರಿಗೆ ದೂರದ್ದಲ್ಲ, ಇದೇ ಧಾರವಾಡ ಜಿಲ್ಲೆಯ ಕುಂದಗೋಳ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರು ಅಲ್ಲಿ ಪಾಠ ಹೇಳಿದರು. ಗದುಗಿನ ಕಡೆಯಿಂದ ಬಂದ ಭೀಮಸೇನ ಜೋಶಿ ಅಲ್ಲಿ ಕಲಿತರು, ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಕಲಿತರು. ಬಸವರಾಜ ರಾಜಗುರುಗಳ ಯಲಿವಾಳವೂ ಕುಂದಗೋಳ ತಾಲೂಕಿನದೇ. 1930ರ ದಶಕದಲ್ಲಿ ಗಂಗೂಬಾಯಿಯವರ ಹಾಡು ‘ಗಾಂಧಾರಿ ಹುಬಳಿ’ ಎಂಬ ಹೆಸರಿನಲ್ಲಿ ಗ್ರಾಮೊಫೋನ್ ತಟ್ಟೆಗಳಾಗಿ ಹೊರಬಂತು. ಮಲ್ಲಿಕಾರ್ಜುನ ಮನಸೂರರ ತಟ್ಟೆಗಳೂ ಅದೇ ಕಾಲದವು. ಒಂದು ಬದಿಗೆ ಮೂರು-ಮೂರೂವರೆ ನಿಮಿಷ. ರಾಗವನ್ನು ಅಷ್ಟರಲ್ಲೇ ಕಟ್ಟಿಕೊಡಬೇಕಿತ್ತು. ಕೀಲಿ ಕೊಟ್ಟು ನಡೆಸುವ ಆ ಪೆಟ್ಟಿಗೆಗೆ ವಿದ್ಯುತ್ತು ಬೇಕಿರಲಿಲ್ಲ ಎಂಬುದೂ ಹಳ್ಳಿಗಳ ಮಟ್ಟಿಗೆ ಸಣ್ಣ ಸಂಗತಿಯಲ್ಲ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಇದೇ ಗಾಯಕರು ರೇಡಿಯೊದಿಂದ ಪಡಸಾಲೆಗಳಿಗೆ ಬಂದರು.

ಇಲ್ಲಿ ಹೈ-ಫೈ ಪ್ರಿಯರು ಸಾಮಾನ್ಯವಾಗಿ ಹೇಳದ ಒಂದು ಮಾತನ್ನು ಹೇಳಲೇಬೇಕು. ಆ ತಟ್ಟೆಗಳೆಲ್ಲ ಮೊನೊ. ಮೀಡಿಯಂ ವೇವ್ ಪ್ರಸಾರವೂ ಮೊನೊ. ನಮ್ಮಲ್ಲಿ ಕೇಂದ್ರ-ಕೇಂದ್ರಗಳ ನಡುವಿನ ಅಂತರ 9 ಕಿಲೊಹರ್ಟ್ಸ್ ಆದ್ದರಿಂದ ಸುಮಾರು ನಾಲ್ಕೂವರೆ ಕಿಲೊಹರ್ಟ್ಸ್‌ವರೆಗಿನ ದನಿಗಷ್ಟೇ ಅದರಲ್ಲಿ ಜಾಗ. ಅಂದರೆ ಈ ಸೀಮೆಯ ಅತ್ಯಂತ ಅಮೂಲ್ಯವಾದ ಹಳೆಯ ಧ್ವನಿಮುದ್ರಣಗಳಿಗೆ ಎರಡು ಸ್ಪೀಕರುಗಳಿಂದ ಹೊಸದಾಗಿ ಸಿಗುವುದೇನೂ ಇಲ್ಲ. ಒಂದೇ ಒಳ್ಳೆಯ ಸ್ಪೀಕರ್ ಸಾಕು. ಅದು ವೈರ್‌ಲೆಸ್ ಆದರೂ ಗಾಂಧಾರಿ ಹುಬಳಿಯ ದನಿಗೆ ಕುಂದಿಲ್ಲ. ಜೋಡಿ ಬೇಕಾಗುವುದು ಆಮೇಲೆ ಬಂದ ಸ್ಟೀರಿಯೊ ಎಲ್‌ಪಿ, ಕ್ಯಾಸೆಟ್, ಸಿಡಿಗಳಿಗೆ.

ಅಲ್ಲಿ ಮಾತ್ರ ಅದು ನಿಜವಾಗಿ ಬೇಕು. ತಂಬೂರಿಯನ್ನೇ ನೋಡಿ. ಗಂಡುದನಿಗೆ ಷಡ್ಜವನ್ನು 138 ಹರ್ಟ್ಸ್ ಆಸುಪಾಸಿನಲ್ಲಿ ಇಟ್ಟರೆ ಖರ್ಜದ ತಂತಿ 69ರಲ್ಲಿ ನುಡಿಯುತ್ತದೆ. ಅಂಗೈಯಗಲದ ಸ್ಪೀಕರುಗಳು ಅಷ್ಟು ಕೆಳಗೆ ಇಳಿಯುವುದು ಕಷ್ಟ; ಒಳಗಿನ ಎಲೆಕ್ಟ್ರಾನಿಕ್ಸ್ ಒತ್ತಿ ಎಬ್ಬಿಸಿ ಇದ್ದಂತೆ ತೋರಿಸುತ್ತದೆ, ದನಿ ಏರಿಸಿದ ಕೂಡಲೇ ಕೈಬಿಡುತ್ತದೆ. ಜವಾರಿಯಿಂದ ಹುಟ್ಟುವ ಮೇಲುಸ್ವರಗಳ ಗುಂಗು ಗಾಯಕನ ಹಿಂದೆ ಹರಡಿ ನಿಲ್ಲಬೇಕಾದರೆ ಎಡ-ಬಲದ ಎರಡು ಪೆಟ್ಟಿಗೆಗಳೂ ಕೇಳುವವರೂ ಸಮತ್ರಿಕೋನದ ಮೂರು ಮೂಲೆಗಳಲ್ಲಿರಬೇಕು. ಭೀಮಸೇನರ ದೊಡ್ಡ ಖ್ಯಾಲನ್ನು ಕೋಣೆಯಿಂದ ಕೋಣೆಗೆ ನಡೆಯುತ್ತ ಕೇಳಲಾಗುವುದಿಲ್ಲ. ವಿಲಂಬಿತದ ಒಂದು ಆವರ್ತನ ಮುಗಿಯುವಷ್ಟರಲ್ಲಿ ನೀವು ಹಿತ್ತಲಲ್ಲಿರುತ್ತೀರಿ.

ಈಗ ಮನೆಯ ವಿಷಯ. ಎರೆಭೂಮಿಯ ಈ ಊರುಗಳ ಹಳೆಯ ಮನೆಗಳು ದಪ್ಪನೆಯ ಕಲ್ಲು-ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ ಇರುವಂಥವು. ಮುಂದೆ ದನಗಳ ಗ್ವಾದಲಿ, ಅದರಾಚೆ ಎತ್ತರದ ಪಡಸಾಲೆ, ಒಳಗೆ ನಡುಮನೆ, ಅಡಿಗೆಮನೆ. ಇಂಥ ಗೋಡೆ ಕೇಳುಗರಿಗೆ ಅನುಕೂಲ: ಸೆಗಣಿ ಸಾರಿಸಿದ ನೆಲ, ಮಣ್ಣಿನ ಮೈ, ಮರದ ತೊಲೆಗಳು ಶಬ್ದವನ್ನು ಸಿಮೆಂಟು-ಟೈಲ್ಸಿನಂತೆ ವಾಪಸು ಎಸೆಯುವುದಿಲ್ಲ. ವೈ-ಫೈಗೆ ಅದೇ ಗೋಡೆ ಶತ್ರು. 2.4 ಗಿಗಾಹರ್ಟ್ಸ್ ಅಲೆ ಇಂಥ ಒಂದು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ, 5 ಗಿಗಾಹರ್ಟ್ಸ್ ಅಲೆ ಇನ್ನಷ್ಟು. ಮಳೆಗಾಲದಲ್ಲಿ ಮಣ್ಣು ಹಸಿಯಾದಾಗ ಮತ್ತೂ ಕಷ್ಟ. ಕೋಣೆ-ಕೋಣೆಗೂ ರೂಟರಿನ ಮರುಪ್ರಸಾರಕ ಇಡಬೇಕಾಗುತ್ತದೆ, ಪ್ರತಿಯೊಂದಕ್ಕೂ ಪ್ಲಗ್ಗು ಬೇಕು. ಕರೆಂಟು ಹೋಗಿ ಬಂದಾಗಲೆಲ್ಲ ರೂಟರು, ಮರುಪ್ರಸಾರಕ, ಸ್ಪೀಕರು ಒಂದನ್ನೊಂದು ಮತ್ತೆ ಹುಡುಕಿಕೊಳ್ಳಬೇಕು.

ತಂತಿಯವರಿಗೂ ಕರೆಂಟಿನ ತಾಪತ್ರಯ ತಪ್ಪಿದ್ದಲ್ಲ. ಅಗ್ಗದ ಸ್ಕ್ವೇರ್‌ವೇವ್ ಇನ್ವರ್ಟರಿನಲ್ಲಿ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ. ಸೈನ್‌ವೇವ್ ಇನ್ವರ್ಟರೇ ಬೇಕು. ಬೇಸಿಗೆಯಲ್ಲಿ ಎರೆನೆಲ ಬಾಯಿಬಿಟ್ಟು ಅರ್ಥಿಂಗ್ ಗುಂಡಿ ಒಣಗಿದಾಗ ಅದಕ್ಕೆ ನೀರು ಹಾಕಬೇಕು. ಇವೆರಡೂ ಊರಿನ ಎಲೆಕ್ಟ್ರಿಷಿಯನ್ ಕೈಯಲ್ಲಿ ಆಗುವ ಕೆಲಸಗಳು.

ತಂತಿಯಿಂದ ಎರಡನೆಯ ಕೋಣೆಗೆ ಹಾಡು ಹೋಗುವುದಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ಲೆಕ್ಕ ಹಾಕಿ ನೋಡೋಣ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೊಮೀಟರಿಗೆ ಸುಮಾರು 12 ಓಮ್ ತಡೆ. ಪಡಸಾಲೆಯಿಂದ ಅಡಿಗೆಮನೆಗೆ 20 ಮೀಟರ್ ಎಳೆದರೆ ಹೋಗಿ-ಬರುವ 40 ಮೀಟರಿಗೆ ಅರ್ಧ ಓಮೂ ಆಗದು. 8 ಓಮಿನ ಸ್ಪೀಕರಿನ ಎದುರು ಅದರ ನಷ್ಟ ಅರ್ಧ ಡೆಸಿಬಲ್, ಕಿವಿಗೆ ತಿಳಿಯದಷ್ಟು. ಎಷ್ಟೋ ಆಂಪ್ಲಿಫೈಯರುಗಳ ಬೆನ್ನಿಗೆ ಎ, ಬಿ ಎಂಬ ಎರಡು ಜೋಡಿ ಸ್ಪೀಕರುಗಳಿಗೆ ಜಾಗ ಇದ್ದೇ ಇರುತ್ತದೆ. ಎರಡೂ ಜೋಡಿ ಒಟ್ಟಿಗೆ ನುಡಿಸಿದಾಗ ತಡೆ 4 ಓಮಿಗೆ ಇಳಿಯಬಹುದು. ಅದನ್ನು ಆಂಪ್ಲಿಫೈಯರ್ ತಾಳುತ್ತದೆಯೇ ಎಂದು ಹಿಂಬದಿಯ ಬರಹ ನೋಡಿಕೊಂಡರೆ ಸಾಕು.

ಬಾಳಿಕೆಯ ಪ್ರಶ್ನೆ ಇದಕ್ಕಿಂತ ಗಂಭೀರ. ವೈರ್‌ಲೆಸ್ ಸ್ಪೀಕರ್ ಕೊಂಡವರ ಕೈಯಲ್ಲಿ ಪೆಟ್ಟಿಗೆ ಇರುತ್ತದೆ, ಅದನ್ನು ನಡೆಸುವ ಸಾಫ್ಟ್‌ವೇರ್ ಬೇರೆಯವರ ಕೈಯಲ್ಲಿರುತ್ತದೆ. 2002ರಲ್ಲಿ ಅಮೆರಿಕದಲ್ಲಿ ಶುರುವಾಗಿ ಈ ಬಗೆಯ ಸ್ಪೀಕರುಗಳಿಗೆ ಹೆಸರಾದ ಸೋನೋಸ್, 2020ರ ಜನವರಿಯಲ್ಲಿ ತನ್ನ ಹಳೆಯ ಮಾದರಿಗಳಿಗೆ ಅದೇ ಮೇ ತಿಂಗಳಿಂದ ಹೊಸ ಸಾಫ್ಟ್‌ವೇರ್ ಕೊಡುವುದಿಲ್ಲವೆಂದು ಸಾರಿತು. 2024ರ ಮೇನಲ್ಲಿ ಅದು ಬದಲಿಸಿದ ಆ್ಯಪಿನಲ್ಲಿ ಹಳೆಯ ಸೌಲಭ್ಯಗಳೇ ಕಾಣೆಯಾಗಿ, ಜುಲೈನಲ್ಲಿ ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು, 2025ರ ಜನವರಿಯಲ್ಲಿ ಹುದ್ದೆ ಬಿಟ್ಟರು. 2022ರ ಜನವರಿಯಲ್ಲಿ ಸೋನೋಸ್‌ನ ಪೇಟೆಂಟ್ ದೂರಿನ ಮೇಲೆ ಬಂದ ತೀರ್ಪಿನಿಂದಾಗಿ ಗೂಗಲ್ ತನ್ನ ಸ್ಪೀಕರುಗಳಲ್ಲಿ ಎಲ್ಲ ಕೋಣೆಗಳ ದನಿಯನ್ನು ಒಟ್ಟಿಗೆ ಏರಿಸಿ-ಇಳಿಸುವ ಸೌಲಭ್ಯವನ್ನು ಬದಲಿಸಬೇಕಾಯಿತು. ಯಾರ ಮನೆಯ ಪೆಟ್ಟಿಗೆಯೂ ಕೆಟ್ಟಿರಲಿಲ್ಲ. ಆದರೂ ಅದರ ಗುಣ ಬದಲಾಯಿತು. ಹೈ-ಫೈ ಆಂಪ್ಲಿಫೈಯರಿನಲ್ಲಿ ಕೆಪಾಸಿಟರ್ ಸತ್ತರೆ ಹುಬ್ಬಳ್ಳಿಯಲ್ಲಿ ಬದಲಿಸುವವರಿದ್ದಾರೆ. ಹಳ್ಳಿಯಲ್ಲಿ ಕೊಂಡ ವಸ್ತು ಇಪ್ಪತ್ತು ವರ್ಷ ಬಾಳಬೇಕೆಂದು ಕೊಳ್ಳುವವರಿಗೆ ಈ ವ್ಯತ್ಯಾಸ ದೊಡ್ಡದು.

ಡೇಟಾದ ಲೆಕ್ಕವೂ ಇದೆ. ಸೆಕೆಂಡಿಗೆ 320 ಕಿಲೊಬಿಟ್ ಗುಣಮಟ್ಟದಲ್ಲಿ ಒಂದು ತಾಸಿಗೆ 144 ಎಂಬಿ ಖರ್ಚು. ಸಿಡಿಯ ಪೂರ್ಣ ಗುಣಮಟ್ಟಕ್ಕೆ, ಒತ್ತದೆ ಕಳಿಸಿದರೆ, 635 ಎಂಬಿ. ಮೊಬೈಲಿನ ದಿನದ ಡೇಟಾದ ಮೇಲೆ ಬದುಕುವ ಮನೆಗೆ ಮೊದಲನೆಯದು ಆದೀತು, ಎರಡನೆಯದು ಆಗದು.

ಹಾಗೆಂದು ವೈರ್‌ಲೆಸ್ ಯಾರಿಗೂ ಬೇಡವೆಂದಲ್ಲ. ನವಲಗುಂದ, ಅಣ್ಣಿಗೇರಿ, ಹುಬ್ಬಳ್ಳಿಗಳ ಹೊಸ ಮನೆಗಳಲ್ಲಿ ತೆಳು ಗೋಡೆ, ಫೈಬರ್ ಸಂಪರ್ಕ, ಗೋಡೆ ಒಡೆದು ತಂತಿ ಎಳೆಯಲು ಮನಸ್ಸಿಲ್ಲದ ಬಾಡಿಗೆದಾರರು ಇರುತ್ತಾರೆ. ಅಲ್ಲಿ ಅದೇ ಸರಿ. ರೊಟ್ಟಿ ಬಡಿಯುತ್ತ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ವಚನ ಕೇಳುವ ಹೆಂಗಸಿಗೆ ಪಡಸಾಲೆಯ ತ್ರಿಕೋನದಿಂದ ಏನೂ ಪ್ರಯೋಜನವಿಲ್ಲ. ಹೈ-ಫೈಯ ಪರವಾಗಿ ಬರೆಯುವವರು ಆಕೆಯ ಆಲಿಕೆಯನ್ನು ಲೆಕ್ಕಕ್ಕೆ ಹಿಡಿದದ್ದು ಕಡಿಮೆ. ಮನೆಯಲ್ಲಿ ಕೂತು ಕೇಳುವ ಬಿಡುವು ಯಾರಿಗಿದೆ ಎಂಬ ಪ್ರಶ್ನೆಯನ್ನು ಅವರು ಎತ್ತುವುದಿಲ್ಲ. ಆಕೆಗೆ ಬೇಕಾದ್ದು ಎತ್ತಿಕೊಂಡು ಹೋಗಬಹುದಾದ ಒಂದು ಬ್ಯಾಟರಿ ಸ್ಪೀಕರ್. 2017ರಲ್ಲಿ 5000 ಹಿಂದಿ ಹಾಡುಗಳನ್ನು ಒಳಗೇ ತುಂಬಿಕೊಂಡು ಬಂದ ಸಾರೇಗಾಮದ ಕಾರವಾನ್ ಮನೆಮಾತಾದದ್ದು ಇಂಟರ್ನೆಟ್ಟಿನ ಹಂಗಿಲ್ಲದೆ ನಡೆಯುತ್ತಿದ್ದುದರಿಂದಲೂ ಹೌದು.

ಯಮನೂರಿನಂಥ ಊರಿನ ಹಳೆಯ ಮನೆಗೆ ನನ್ನ ಸಲಹೆ ಇದು: ಪಡಸಾಲೆಯಲ್ಲಿ ತಂತಿಯ ಜೋಡಿ, ಅಡಿಗೆಮನೆಗೆ ಅದರಿಂದಲೇ ಎಳೆದ ಒಂದು ಸಾಲು ಅಥವಾ ಒಂದು ಬ್ಯಾಟರಿ ಸ್ಪೀಕರ್. ಮೊಬೈಲಿನ ಹಾಡಿಗಾಗಿ ಬೇಕಾದರೆ ಸಣ್ಣ ಬ್ಲೂಟೂತ್ ರಿಸೀವರನ್ನು ಹೊರಗಿನಿಂದ ಆಂಪ್ಲಿಫೈಯರಿಗೆ ಸಿಕ್ಕಿಸಿಕೊಳ್ಳಬಹುದು. ತಂತ್ರಜ್ಞಾನ ಬದಲಾದಾಗ ಎಸೆಯಬೇಕಾಗುವುದು ಆ ಸಣ್ಣ ಡಬ್ಬಿಯನ್ನು ಮಾತ್ರ.

ಈ ಸಲಹೆಗೆ ಎಲ್ಲಕ್ಕಿಂತ ಬಲವಾದ ಕಾರಣ ಬೇರೆಯೇ ಇದೆ. ಈ ಸೀಮೆಯ ಸಂಗೀತದಲ್ಲಿ ಬಹುಪಾಲು ಆನ್‌ಲೈನಿನಲ್ಲಿ ಇಲ್ಲ. ಊರ ಭಜನಾ ಮೇಳದ ರಾತ್ರಿಗಳು, ಗೀಗೀ ಪದ, ಮೊಹರಮ್ಮಿನ ರಿವಾಯತ್ ಪದ, ಸಣ್ಣಾಟ, ಖಾಸಗಿ ಬೈಠಕ್ಕುಗಳು ಕ್ಯಾಸೆಟ್ಟುಗಳಲ್ಲಿವೆ, ಟ್ರಂಕಿನ ತಳದಲ್ಲಿವೆ. ಬಹಳಷ್ಟು ವೈರ್‌ಲೆಸ್ ಸ್ಪೀಕರುಗಳಿಗೆ ಕ್ಯಾಸೆಟ್ ಡೆಕ್ ಸಿಕ್ಕಿಸುವ ತೂತೇ ಇಲ್ಲ. ಹೊಸದನ್ನು ತಂದ ಸಂಭ್ರಮದಲ್ಲಿ ಡೆಕ್ ಗುಜರಿಗೆ ಹೋದರೆ ಆ ಕ್ಯಾಸೆಟ್ಟುಗಳು ಮನೆಯಲ್ಲಿದ್ದೂ ಇಲ್ಲದಂತಾಗುತ್ತವೆ. ಟೇಪಿನ ಮೇಲಿನ ಕಾಂತಲೇಪ ವರ್ಷ ಕಳೆದಂತೆ ಉದುರುತ್ತದೆ, ಶಿಲೀಂಧ್ರ ಹಿಡಿಯುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಯಾವ ಸ್ಪೀಕರನ್ನಾದರೂ ಕೊಳ್ಳಿ, ನಡೆಯುವ ಡೆಕ್ ಒಂದು ಮನೆಯಲ್ಲಿದ್ದರೆ ಅದನ್ನು ಮಾರುವ ಮುನ್ನ ಅದರ ಲೈನ್-ಔಟಿನಿಂದ ಕಂಪ್ಯೂಟರಿಗೆ ತಂತಿ ಹಾಕಿ ಕ್ಯಾಸೆಟ್ಟುಗಳನ್ನು ವೇವ್ ಫೈಲುಗಳಾಗಿ ಇಳಿಸಿಕೊಳ್ಳಿ. 44.1 ಕಿಲೊಹರ್ಟ್ಸ್, 16 ಬಿಟ್ ಸಾಕು. ಫೈಲಿನ ಹೆಸರಿನಲ್ಲಿ ಹಾಡಿದವರು, ಊರು, ವರ್ಷ ಇರಲಿ. ವರ್ಷ ನೆನಪಿಲ್ಲದಿದ್ದರೆ ಅಂದಿನ ಜಾತ್ರೆಯನ್ನೋ ಮದುವೆಯನ್ನೋ ಬರೆದಿಡಿ. ಇಬ್ಬರ ಮನೆಯಲ್ಲಿ ಒಂದೊಂದು ಪ್ರತಿ ಇಡಿ.