ಕವಾಟದ ಹಿಡಿಕೆ ಯಾರ ಕೈಯಲ್ಲಿ

ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಯಾದಗಿರಿಯನ್ನು ಹಾದು, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಶಹಾಪುರ, ಸುರಪುರಗಳಿಗೆ ರೈಲು ಬರಲಿಲ್ಲ. ಅದು ಈ ಊರುಗಳಿರುವ ಸಗರನಾಡಿನ ಅಂಚನ್ನಷ್ಟೇ ಸವರಿಕೊಂಡು ಹೋಯಿತು. ಆದರೂ ಈ ಸೀಮೆಯ ಯಂತ್ರಗಳ ಕತೆ ಬರೆಯುವವರು ಆ ಹಳಿಯಿಂದಲೇ ಹೊರಡಬೇಕು. ಏಕೆಂದರೆ ಇಂದು ಕಾರಿನ ಜಾಹೀರಾತುಗಳು ಹೊಗಳುವ ‘ವೇರಿಯಬಲ್ ವಾಲ್ವ್ ಟೈಮಿಂಗ್’, ಅಂದರೆ ಕವಾಟ ತೆರೆದು ಮುಚ್ಚುವ ಗಳಿಗೆಯನ್ನು ಓಟಕ್ಕೆ ತಕ್ಕಂತೆ ಬದಲಿಸುವ ವಿದ್ಯೆ, ಮೂಲತಃ ಉಗಿಬಂಡಿಯದು. ಸ್ಟೀಫನ್‌ಸನ್ ಕಾರ್ಖಾನೆಯ ಲಿಂಕ್ ಜೋಡಣೆ 1842ರದು, ಬೆಲ್ಜಿಯಂನ ವಾಲ್‌ಶಾರ್ಟ್ಸ್‌ನ ಜೋಡಣೆ 1844ರದು. ನಿಂತ ಬಂಡಿಯನ್ನು ಎಬ್ಬಿಸುವಾಗ ಚಾಲಕ ಈ ಜೋಡಣೆಯ ಹಿಡಿಕೆಯನ್ನು ಪೂರ್ತಿ ಮುಂದಕ್ಕೆ ತಳ್ಳುತ್ತಿದ್ದ. ಪಿಸ್ಟನ್ ಸುಮಾರು ಮುಕ್ಕಾಲು ದಾರಿ ಸಾಗುವವರೆಗೂ ಉಗಿ ಒಳಗೆ ನುಗ್ಗುತ್ತಿತ್ತು. ಬಂಡಿ ವೇಗ ಹಿಡಿದ ಮೇಲೆ ಒಂದೊಂದೇ ಕಚ್ಚು ಹಿಂದಕ್ಕೆಳೆದರೆ ಕವಾಟ ಬೇಗ ಮುಚ್ಚುತ್ತಿತ್ತು, ಒಳಗಿದ್ದ ಉಗಿ ಹಿಗ್ಗಿಯೇ ಉಳಿದ ಕೆಲಸ ಮಾಡುತ್ತಿತ್ತು. ಕಲ್ಲಿದ್ದಲೂ ನೀರೂ ಉಳಿಯುತ್ತಿದ್ದವು. ಉಗಿಯ ಜಾರುಕವಾಟಕ್ಕೂ ಪೆಟ್ರೋಲ್ ಇಂಜಿನ್ನಿನ ಕವಾಟಕ್ಕೂ ಹೋಲಿಕೆ ಸಲ್ಲದೆಂದು ತಿಳಿದವರು ಹೇಳಬಹುದು. ರಚನೆ ಬೇರೆ ಎಂಬುದು ನಿಜ. ಆದರೆ ಇಲ್ಲಿರುವುದು ಗಳಿಗೆಯ ಪ್ರಶ್ನೆ, ಆ ಗಳಿಗೆ ಓಡುತ್ತಿರುವಾಗಲೇ ಬದಲಾಗುತ್ತಿತ್ತು, ಬದಲಿಸುವ ಕೈ ಮನುಷ್ಯನದಾಗಿತ್ತು.

ಸಗರನಾಡಿನ ಹೊಲಗಳಿಗೆ ಬಂದ ಯಂತ್ರ ಇದಕ್ಕೆ ತದ್ವಿರುದ್ಧ. ಎತ್ತಿನ ಕಪಿಲೆಯ ಜಾಗಕ್ಕೆ, ಬಾವಿಯ ದಂಡೆಗೆ, ಭೀಮಾ–ಕೃಷ್ಣೆಯರ ತೀರಕ್ಕೆ ಡೀಸೆಲ್ ಇಂಜಿನ್ ಬಂತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ಡೀಸೆಲ್ ಇಂಜಿನ್ನಿನ ಕಂಪನಿ ಕಟ್ಟಿತು. ಇಂದಿಗೂ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಕಾಣುವ ಅವರ ಒಂಟಿ ಸಿಲಿಂಡರಿನ 5.2 ಕಿಲೋವಾಟ್ ಇಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಗಾಳಿಯ ಕವಾಟ ಪಿಸ್ಟನ್ ಮೇಲ್ತುದಿ ಮುಟ್ಟುವ 4.5 ಡಿಗ್ರಿ ಮೊದಲು ತೆರೆದು, ಕೆಳತುದಿ ದಾಟಿದ 35.5 ಡಿಗ್ರಿಗೆ ಮುಚ್ಚುತ್ತದೆ. ಈ ಗಳಿಗೆ ಎಂದೂ ಕದಲುವುದಿಲ್ಲ, ಕದಲುವ ಅಗತ್ಯವೂ ಇಲ್ಲ: ನೀರೆತ್ತುವ ಪಂಪಿಗೆ ಬೆಳಗಿನಿಂದ ಸಂಜೆಯವರೆಗೆ ಒಂದೇ ವೇಗ ಸಾಕು. ಹಾಗಾಗಿಯೇ ಅದನ್ನು ಬಾವಿಕಟ್ಟೆಯಲ್ಲೇ ಬಿಚ್ಚಿ ಕೂಡಿಸುವುದು ಸಾಧ್ಯವಾಯಿತು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕವಾಟ ತೆರೆಯುವ ಕ್ಯಾಮ್ ಒಂದು ಸುತ್ತು. ಎರಡರ ಹಲ್ಲುಚಕ್ರಗಳ ಮೇಲೂ ಉಳಿಯಿಂದ ಕುಟ್ಟಿದ ಚುಕ್ಕೆಗಳಿರುತ್ತವೆ. ಚುಕ್ಕೆಗೆ ಚುಕ್ಕೆ ಕೂಡಿಸಿದರೆ ಟೈಮಿಂಗ್ ಸರಿ. ಒಂದು ಹಲ್ಲು ಜಾರಿದರೂ ಇಂಜಿನ್ ಹೊಗೆ ಕಾರುತ್ತದೆ, ಏದುಸಿರು ಬಿಡುತ್ತದೆ. ಮಿಸ್ತ್ರಿ ಸದ್ದು ಕೇಳಿಯೇ ‘ಟೈಮಿಂಗ್ ತಪ್ಯಾದ’ ಎನ್ನಬಲ್ಲ. ಟ್ಯಾಪೆಟ್, ಅಂದರೆ ಕವಾಟದ ಸಂದು, ಹೊಂದಿಸುವುದೂ ಅಷ್ಟೇ ನೇರ. ಎರಡೂ ಕವಾಟ ಮುಚ್ಚಿರುವಂತೆ ಗಾಲಿಯನ್ನು ಕೈಯಿಂದ ತಿರುಗಿಸಿ ನಿಲ್ಲಿಸಬೇಕು, ರಾಕರಿನ ಕೆಳಗೆ ಗೇಜಿನ ತೆಳ್ಳನೆಯ ಎಲೆ ತೂರಿಸಬೇಕು, ಅದು ಸ್ವಲ್ಪ ಹಿಡಿದು ಹಿಡಿದು ಜಾರುವಂತೆ ತಿರುಪು ತಿರುಗಿಸಿ ನಟ್ ಬಿಗಿಯಬೇಕು. ಓದು ಬಾರದವರಿಗೂ ಈ ವಿದ್ಯೆ ದಕ್ಕಿತು, ಏಕೆಂದರೆ ಗುರುತುಗಳು ಕಣ್ಣಿಗೆ ಕಾಣುತ್ತಿದ್ದವು.

ಕಾರಿಗೆ ಒಂದೇ ವೇಗ ಸಾಲದು. ನಿಧಾನದಲ್ಲಿ ಒಪ್ಪುವ ಗಳಿಗೆ ಓಟದಲ್ಲಿ ಒಪ್ಪದು. ಹಾಗಾಗಿ 1980ರಲ್ಲಿ ಆಲ್ಫಾ ರೋಮಿಯೊ, 1989ರಲ್ಲಿ ಹೋಂಡಾ ಉಗಿಬಂಡಿಯ ಆ ಹಳೆಯ ಉಪಾಯವನ್ನು ಬೇರೆ ರೂಪದಲ್ಲಿ ತಂದವು; 2011ರ ಮಾರುತಿ ಸ್ವಿಫ್ಟ್ ಅದನ್ನು ನಮ್ಮ ಸಣ್ಣ ಊರುಗಳ ರಸ್ತೆಗೂ ಇಳಿಸಿತು. ಈಗ ಎಣ್ಣೆಯ ಒತ್ತಡ ಕ್ಯಾಮನ್ನು ಚೈನಿನ ಚಕ್ರಕ್ಕಿಂತ ಕೊಂಚ ಮುಂದಕ್ಕೋ ಹಿಂದಕ್ಕೋ ತಿರುಗಿಸುತ್ತದೆ, ಎಷ್ಟು ಎಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಮನೆಯಲ್ಲಿ ಮಾಡಬಹುದಾದದ್ದು ಇನ್ನೂ ಇದೆ: ಹೇಳಿದ ದರ್ಜೆಯ ಎಣ್ಣೆಯನ್ನೇ ಹೊತ್ತಿಗೆ ಸರಿಯಾಗಿ ಬದಲಿಸುವುದು, ಎಣ್ಣೆ ನಿಯಂತ್ರಿಸುವ ಕವಾಟದ ಜಾಳಿಗೆಯಲ್ಲಿ ಕಟ್ಟಿದ ಕೆಸರು ತೆಗೆಯುವುದು, ಚೈನು ಬಿಚ್ಚಿದರೆ ಗುರುತುಗಳನ್ನು ಕೂಡಿಸುವುದು. ರೇಸಿನ ಹುಚ್ಚಿನವರು ಲ್ಯಾಪ್‌ಟಾಪ್ ಹಚ್ಚಿ ಗಳಿಗೆಯನ್ನೇ ತಿದ್ದುವುದಿಲ್ಲವೇ ಎಂದು ಕೇಳಬಹುದು. ತಿದ್ದುತ್ತಾರೆ, ಆದರೆ ಅಳತೆಯಿಲ್ಲದೆ ತಿದ್ದಿದರೆ ಕೆಲವು ಇಂಜಿನ್ನುಗಳಲ್ಲಿ ಕವಾಟ ಪಿಸ್ಟನ್ನಿಗೇ ಬಡಿಯುತ್ತದೆ. ಚುಕ್ಕೆ ನೋಡಿ ಕೂಡಿಸುವ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಹಾಗಾದರೆ ಹಳೆಯದೇ ಒಳ್ಳೆಯದೇ? ಅಲ್ಲ. ಹೊಸ ಇಂಜಿನ್ ಕಡಿಮೆ ಇಂಧನ ಕುಡಿಯುತ್ತದೆ, ಕಡಿಮೆ ಹೊಗೆ ಬಿಡುತ್ತದೆ. ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ. ನನ್ನ ತಕರಾರು ಗಳಿಗೆ ಬದಲಾಗುವುದರ ಮೇಲಲ್ಲ, ಗುರುತು ಮುಚ್ಚಿಟ್ಟಿರುವುದರ ಮೇಲೆ. ಉಗಿಬಂಡಿಯಲ್ಲೂ ಗಳಿಗೆ ಬದಲಾಗುತ್ತಿತ್ತು, ಆದರೆ ಹಿಡಿಕೆಯ ಕಚ್ಚುಗಳನ್ನು ಎಣಿಸಬಹುದಿತ್ತು. ಇಂದು ಶಹಾಪುರದ ಗ್ಯಾರೇಜಿನ ಹುಡುಗನಿಗೆ ಬೇಕಾದದ್ದು ಆ ಕಚ್ಚುಗಳ ಲೆಕ್ಕ: ದೋಷದ ಸಂಕೇತಗಳು, ಅಳತೆಗಳು, ಕೈಪಿಡಿ, ಅದೂ ಕನ್ನಡದಲ್ಲಿ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ತೆರೆದ ರಿಪೇರಿ ಹಕ್ಕಿನ ಜಾಲತಾಣದಲ್ಲಿ ವಾಹನಗಳೂ ಇವೆ, ಕೃಷಿ ಯಂತ್ರಗಳೂ ಇವೆ. ವಾಹನ ಕೊಳ್ಳುವವರು, ರಿಪೇರಿ ಮಾಡುವವರು ಆ ಹಕ್ಕನ್ನು ಬಾಯಿಬಿಟ್ಟು ಕೇಳಬೇಕು.