ಮುಪ್ಪಿನ ಖಿನ್ನತೆಯ ದೈಹಿಕ ಕುರುಹುಗಳು: ಒಂದು ಅನ್ವೇಷಣೆಯ ಇತಿಹಾಸ

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಸೀಮೆಯಲ್ಲಾಗಲಿ, ಕಲಘಟಗಿಯ ಮಲೆನಾಡಂಚಿನಲ್ಲಾಗಲಿ, ವಯೋವೃದ್ಧರು ತಮಗೆ ಖಿನ್ನತೆಯಿದೆಯೆಂದು ಹೇಳಿಕೊಳ್ಳುವುದು ವಿರಳ. ‘ನಿದ್ದಿ ಹತ್ತೂದಿಲ್ಲ, ಊಟ ಸೇರೂದಿಲ್ಲ, ಕೈಕಾಲು ಹರೀತಾವ’ ಎನ್ನುತ್ತಾರೆ. ಮನೆಯವರು ಅದನ್ನು ಮುಪ್ಪಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತಾರೆ. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದಾದರೂ ಇಂಥ ದುಃಖ ಅದರ ಬಾಗಿಲವರೆಗೆ ಬರುವುದು ಕಷ್ಟ. ರಕ್ತದಲ್ಲಿಯೇ ಇದರ ಕುರುಹು ದೊರೆಯುವಂತಿದ್ದರೆ ಎಷ್ಟೋ ಜೀವಗಳು ಉಳಿದಾವು. ಆ ಕುರುಹಿನ ಅನ್ವೇಷಣೆ ನಡೆದುಬಂದ ದಾರಿಯನ್ನು ನಾವು ಇಲ್ಲಿ ಸ್ಥೂಲವಾಗಿ ಗುರುತಿಸುತ್ತೇವೆ.

ಆ ದಾರಿಯ ಮೊದಲ ಮಜಲಿನಲ್ಲಿ ನಮ್ಮ ದೇಶದ ಮೂಲಿಕೆಯೊಂದಿದೆಯೆಂಬುದು ಗಮನಾರ್ಹ. ಸರ್ಪಗಂಧದ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ತಗ್ಗಿಸುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ರಕ್ತದೊತ್ತಡಕ್ಕೆಂದು ಅದನ್ನು ಸೇವಿಸಿದ ಕೆಲವರು ಖಿನ್ನರಾದರೆಂಬ ವರದಿಗಳು ಬಂದವು. ಮಿದುಳಿನ ಕೆಲವು ರಾಸಾಯನಿಕಗಳನ್ನು ಅದು ಬರಿದುಮಾಡುತ್ತದೆಂಬುದೂ ತಿಳಿಯಿತು. ಖಿನ್ನತೆಗೆ ರಾಸಾಯನಿಕ ಮೂಲವಿದೆಯೆಂಬ ವಾದವು 1965ರ ಹೊತ್ತಿಗೆ ಪ್ರಬಲವಾದುದು ಹೀಗೆ. ಆ ವರದಿಗಳ ಆಧಾರ ದುರ್ಬಲವೆಂದು ಅನಂತರದವರು ಹೇಳಿದ್ದೂ ಉಂಟು.

ಮುಂದಿನ ಮಜಲು ಕಾರ್ಟಿಸಾಲ್. ರಾತ್ರಿ ಡೆಕ್ಸಾಮೆಥಸೋನ್ ಗುಳಿಗೆ ಕೊಟ್ಟರೆ ಆರೋಗ್ಯವಂತರ ರಕ್ತದಲ್ಲಿ ಮರುದಿನ ಇದು ತಗ್ಗಿರುತ್ತದೆ. ತೀವ್ರ ಖಿನ್ನತೆಯುಳ್ಳ ಅನೇಕರಲ್ಲಿ ತಗ್ಗದು. ಬರ್ನಾರ್ಡ್ ಕ್ಯಾರಲ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ರೋಗನಿರ್ಣಯದ ಪರೀಕ್ಷೆಯೆಂದು ಮುಂದಿಟ್ಟಾಗ ಉತ್ಸಾಹ ಅಪಾರವಾಗಿತ್ತು. ಆದರೆ ಮರೆವಿನ ರೋಗದವರಲ್ಲಿ, ಮೈತೂಕ ಇಳಿದವರಲ್ಲಿ, ಇತರ ಕಾಯಿಲೆಗಳಿಂದ ಬಳಲುವವರಲ್ಲಿಯೂ ಅದೇ ಫಲ ಕಂಡಿತು. ವೃದ್ಧಾಪ್ಯದಲ್ಲಿ ಇವೆಲ್ಲ ಸಾಮಾನ್ಯವಷ್ಟೆ! ನಿತ್ಯದ ಬಳಕೆಗೆ ಈ ಪರೀಕ್ಷೆ ತಕ್ಕುದಲ್ಲವೆಂಬ ಅಭಿಪ್ರಾಯ 1987ರ ವೇಳೆಗೆ ನೆಲೆಗೊಂಡಿತು.

ಬಿ-12 ಜೀವಸತ್ತ್ವದ ಮಾತು ಬೇರೆ. ಅದರ ಕೊರತೆಗೂ ವೃದ್ಧ ಸ್ತ್ರೀಯರ ತೀವ್ರ ಖಿನ್ನತೆಗೂ ನಂಟಿರುವುದನ್ನು 2000ದಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಸಸ್ಯಾಹಾರಿಗೆ ಇದು ದೊರೆಯುವುದು ಹಾಲು ಮೊಸರಿನಿಂದ, ಬರಿಯ ರೊಟ್ಟಿ-ಪಲ್ಯದಿಂದಲ್ಲ. ಆದರೂ ಈ ಕೊರತೆಯನ್ನು ಖಿನ್ನತೆಯ ಕುರುಹೆನ್ನುವುದಕ್ಕಿಂತ, ತುಂಬಿಕೊಡಬಹುದಾದ ಒಂದು ಸಂಭವನೀಯ ಕಾರಣವೆನ್ನುವುದು ಲೇಸೆಂದು ನಮಗೆ ತೋರುತ್ತದೆ.

ರಕ್ತವು ಖಚಿತ ಉತ್ತರ ಕೊಡದಿರಲು ಪ್ರಶ್ನಾವಳಿಯೇ ಆಶ್ರಯವಾಯಿತು. ಯೆಸವೇಜ್ ಮತ್ತು ಸಂಗಡಿಗರು 1982–83ರಲ್ಲಿ ವೃದ್ಧರಿಗಾಗಿಯೇ ರಚಿಸಿದ 30 ಪ್ರಶ್ನೆಗಳ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಮುಪ್ಪಿನಲ್ಲಿ ನಿದ್ರೆ, ಹಸಿವು, ಮೈನೋವುಗಳು ದಾರಿತಪ್ಪಿಸುತ್ತವೆಂದು ಅದರಲ್ಲಿ ದೈಹಿಕ ದೂರುಗಳನ್ನು ಬುದ್ಧಿಪೂರ್ವಕವಾಗಿ ಕೈಬಿಟ್ಟಿದ್ದಾರೆ. ನಮ್ಮ ಎರೆಸೀಮೆಯ ಹಿರಿಯರು ದುಃಖವನ್ನು ಹೇಳುವುದಾದರೋ ಆ ಕೈಬಿಟ್ಟ ಮಾತುಗಳಲ್ಲಿಯೇ.