ಮಾರು ಹಾಕಿ ಅಳೆದ ಕಡಲು

ಹೂವಾಡಗಿತ್ತಿಯು ಎರಡು ಕೈಗಳನ್ನೂ ಅಗಲಕ್ಕೆ ಚಾಚಿ ಮಲ್ಲಿಗೆಯ ಮಾಲೆಯನ್ನು ಅಳೆದು ಕೊಟ್ಟರೆ ಅದು ಒಂದು ಮಾರು. ಇಂಗ್ಲಿಷ್ ನಾವಿಕರು ಕಡಲಿನ ಆಳಕ್ಕೆ ಬಳಸುತ್ತಿದ್ದ ‘ಫ್ಯಾದಮ್’ ಎಂಬ ಮಾನವೂ ಮೂಲದಲ್ಲಿ ಇದೇ ಚಾಚಿದ ತೋಳುಗಳ ಅಳತೆ. ಅದನ್ನು ಆರು ಅಡಿ ಎಂದು ನಿಗದಿಪಡಿಸಿದ್ದಾರೆ. ಆದ್ದರಿಂದ ಈ ಲೇಖನದಲ್ಲಿ ಫ್ಯಾದಮ್ಮನ್ನು ಬಿಟ್ಟು ನಮ್ಮ ಮಾರನ್ನೇ ಬಳಸುತ್ತೇನೆ. ಮುನ್ನೂರು ಮಾರು ಎಂದರೆ ಸುಮಾರು 550 ಮೀಟರ್ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಸಾಕು. ಏಕೆಂದರೆ ಒಂದು ಕಾಲದಲ್ಲಿ ವಿದ್ವಾಂಸರು ಸಮುದ್ರದಲ್ಲಿನ ಜೀವಕ್ಕೆ ಎಲ್ಲೆಯನ್ನು ಹಾಕಿದ್ದು ಇದೇ ಮುನ್ನೂರು ಮಾರಿನಲ್ಲಿ.

ಆ ಎಲ್ಲೆಯನ್ನು ಹಾಕಿದವರು ಎಡ್ವರ್ಡ್ ಫೋರ್ಬ್ಸ್. 1815ರಲ್ಲಿ ಜನಿಸಿದ ಇವರು ಪ್ರತಿಭಾವಂತರು, ಸರಸಿಗಳು; 1854ರಲ್ಲಿ ಮೂವತ್ತೊಂಬತ್ತನೆಯ ವಯಸ್ಸಿಗೇ ತೀರಿಕೊಂಡರು. 1841-42ರಲ್ಲಿ ‘ಬೀಕನ್’ ಎಂಬ ನೌಕೆಯಲ್ಲಿ ಗ್ರೀಸ್ ದೇಶದ ಬಳಿಯ ಈಜಿಯನ್ ಸಮುದ್ರದ ತಳವನ್ನು ಡ್ರೆಜ್‌ನಿಂದ ಗೋರಿ ನೋಡಿದರು. ಡ್ರೆಜ್ ಎಂದರೆ ಕಬ್ಬಿಣದ ಚೌಕಟ್ಟಿನ ಹಿಂದೆ ಕಟ್ಟಿದ ಒಂದು ಚೀಲ. ಹಗ್ಗದಿಂದ ಇಳಿಬಿಟ್ಟು ತಳದ ಮೇಲೆ ಎಳೆದುಕೊಂಡು ಹೋದರೆ ಸಿಕ್ಕಿದ್ದೆಲ್ಲವೂ ಚೀಲಕ್ಕೆ ಬರುತ್ತದೆ. ಆಳ ಹೆಚ್ಚಿದಂತೆಲ್ಲ ಜೀವಜಾತಿಗಳು ಕಡಿಮೆಯಾಗುತ್ತ ಹೋಗುವುದನ್ನು ಫೋರ್ಬ್ಸ್ ಕಂಡರು. ಅವರ ಡ್ರೆಜ್ ಇಳಿದದ್ದು ಹೆಚ್ಚೆಂದರೆ 230 ಮಾರು. ಆದರೆ ಕಡಿಮೆಯಾಗುತ್ತಿದ್ದ ಆ ಸಂಖ್ಯೆ ಹಾಗೆಯೇ ಮುಂದುವರಿದರೆ ಮುನ್ನೂರು ಮಾರಿನ ಸುಮಾರಿಗೆ ಸೊನ್ನೆಯಾಗಬೇಕೆಂದು ಅವರು ತರ್ಕಿಸಿದರು.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಕ್ಷೆಹಾಳೆಯ ಪಾಠ ನೆನಪಿರಬಹುದು. ಗುರುತಿಸಿದ ಬಿಂದುಗಳ ಆಚೆಗೂ ಗೆರೆಯನ್ನು ಎಳೆಯಬೇಕಾದರೆ ಚುಕ್ಕಿಚುಕ್ಕಿಯಾಗಿ ಎಳೆಯಿರಿ ಎಂದು ಹೇಳುತ್ತಿದ್ದೆ. ಫೋರ್ಬ್ಸರು ಎಳೆದದ್ದೂ ಚುಕ್ಕಿಯ ಗೆರೆಯನ್ನೇ ಎನ್ನಬೇಕು. ಅವರ ಮಾತಿನಲ್ಲಿ ಊಹೆಯೆಂಬ ಎಚ್ಚರವಿತ್ತು. ಅದನ್ನು ತುಂಬು ಗೆರೆಯಾಗಿ ತಿದ್ದಿದವರು ಅವರ ನಂತರದವರು. ಅಲ್ಲಿ ಬೆಳಕಿಲ್ಲ, ಗಿಡಗಂಟಿಗಳಿಲ್ಲ, ಮೇಲಿನ ನೀರಿನ ಭಾರ ಭಯಂಕರ, ಜೀವವಿರುವುದಾದರೂ ಹೇಗೆ? ಕೇಳಿದರೆ ಯಾರಾದರೂ ತಲೆದೂಗುವ ವಾದ. ಈಜಿಯನ್ ಸಮುದ್ರದ ಆಳ ಸ್ವಭಾವತಃ ಜೀವಸಂಪತ್ತಿನಲ್ಲಿ ಬಡವಾದುದು, ಡ್ರೆಜ್‌ನ ಬಾಯಿ ಕಿರಿದು, ಅದರ ಚೀಲ ಕೆಸರಿನಿಂದ ಬೇಗನೆ ಕಟ್ಟಿಕೊಳ್ಳುವಂಥದು ಎಂಬ ಸಂಗತಿಗಳನ್ನು ಯಾರೂ ತೂಗಿ ನೋಡಲಿಲ್ಲ.

ಆಶ್ಚರ್ಯವೆಂದರೆ ವಿರುದ್ಧ ಸಾಕ್ಷ್ಯವು ಆಗಲೇ ಮೇಲೆ ಬಂದಿತ್ತು. 1818ರಲ್ಲಿ ಗ್ರೀನ್‌ಲೆಂಡಿನ ಪಶ್ಚಿಮಕ್ಕಿರುವ ಬ್ಯಾಫಿನ್ ಕೊಲ್ಲಿಯಲ್ಲಿ ಜಾನ್ ರಾಸ್ ಎಂಬ ನೌಕಾಧಿಕಾರಿ ಆಳವನ್ನು ಅಳೆಯುವಾಗ, ಎಂಟುನೂರು ಮಾರು ಇಳಿದಿದ್ದ ಹಗ್ಗದ ಭಾಗಕ್ಕೆ ಕವಲೊಡೆದ ಬಾಹುಗಳ ಒಂದು ಸುಂದರ ನಕ್ಷತ್ರಮೀನು ಸುತ್ತಿಕೊಂಡು ಬಂದಿತ್ತು. ತಳದ ಕೆಸರಿನಲ್ಲಿ ಹುಳುಗಳೂ ಇದ್ದವು. ಇದು ಫೋರ್ಬ್ಸರ ವಾದಕ್ಕಿಂತ ಕಾಲು ಶತಮಾನದಷ್ಟು ಹಿಂದಿನ ಮಾತು. ಆದರೆ ಇಂಥ ಸಾಕ್ಷ್ಯಕ್ಕೆ ಒಂದು ದೌರ್ಬಲ್ಯವಿತ್ತು. ಹಗ್ಗವು ತಳದಿಂದ ಮೇಲಕ್ಕೆ ಬರುವಾಗ ಎಲ್ಲ ಆಳಗಳನ್ನೂ ಹಾಯ್ದು ಬರುತ್ತದೆ. ಪ್ರಾಣಿಯು ಅದನ್ನು ಹಿಡಿದುಕೊಂಡದ್ದು ತಳದಲ್ಲೋ, ನಡುನೀರಿನಲ್ಲೋ? ಈ ಒಂದು ಪ್ರಶ್ನೆಯನ್ನು ಕೇಳಿದರೆ ಸಾಕು, ಎದುರಿನವರು ಸುಮ್ಮನಾಗಬೇಕಾಗುತ್ತಿತ್ತು.

1860ರಲ್ಲಿ ಈ ಪ್ರಶ್ನೆಗೆ ಸಿಕ್ಕಿಬಿದ್ದವರು ಜಾರ್ಜ್ ಚಾರ್ಲ್ಸ್ ವಾಲಿಕ್. ಫೋರ್ಬ್ಸ್ ಹುಟ್ಟಿದ 1815ರಲ್ಲಿಯೇ ನಮ್ಮ ಕಲ್ಕತ್ತೆಯಲ್ಲಿ ಹುಟ್ಟಿದವರು. ತಂದೆ ನಥಾನಿಯಲ್ ವಾಲಿಕ್ ಅಲ್ಲಿಯ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದ ಪ್ರಸಿದ್ಧ ಸಸ್ಯವಿಜ್ಞಾನಿ. ಮಗ ಭಾರತದಲ್ಲಿ ಸೈನ್ಯದ ವೈದ್ಯರಾಗಿ ದುಡಿದು ಇಂಗ್ಲೆಂಡಿಗೆ ಮರಳಿದ ಮೇಲೆ, ತಂತಿ ಹಾಕುವ ದಾರಿಯನ್ನು ಹುಡುಕಲು ಉತ್ತರ ಅಟ್ಲಾಂಟಿಕ್ಕಿಗೆ ಹೊರಟ ‘ಬುಲ್‌ಡಾಗ್’ ನೌಕೆಯನ್ನೇರಿದರು. ಒಂದೆಡೆ ಆಳ 1260 ಮಾರು ಎಂದು ಗೊತ್ತಾದ ಮೇಲೂ ಹೆಚ್ಚುವರಿಯಾಗಿ ಬಿಟ್ಟಿದ್ದ ಹಗ್ಗವು ತಳದ ಮೇಲೆ ಸ್ವಲ್ಪ ಹೊತ್ತು ಬಿದ್ದಿತ್ತು. ಮೇಲಕ್ಕೆಳೆದಾಗ ಸರಿಯಾಗಿ ಆ ಭಾಗಕ್ಕೇ ಹದಿಮೂರು ನಕ್ಷತ್ರಮೀನುಗಳು ಅಪ್ಪಿಕೊಂಡಿದ್ದವು. ಅವುಗಳ ಹೊಟ್ಟೆಯಲ್ಲಿ ತಳದ ಕೆಸರಿನಲ್ಲಿರುವ ಸೂಕ್ಷ್ಮ ಚಿಪ್ಪುಗಳೇ ಸಿಕ್ಕವು. ಉಂಡ ಅನ್ನವೇ ಮನೆಯ ವಿಳಾಸ ಹೇಳಿದಂತೆ! ಆದರೂ ಅನೇಕರು ಒಪ್ಪಲಿಲ್ಲ. ನಡುನೀರಿನಲ್ಲಿ ಹಿಡಿದುಕೊಂಡಿರಬಹುದು ಎಂಬ ಹಳೆಯ ಮಾತೇ ಮತ್ತೆ ಬಂತು.

ಅದೇ ವರ್ಷ ಮೆಡಿಟರೇನಿಯನ್ ಸಮುದ್ರದಲ್ಲಿ ಯಾರೂ ಹುಡುಕದೆಯೇ ಉತ್ತರವೊಂದು ಸಿಕ್ಕಿತು. ಸಾರ್ಡೀನಿಯ ದ್ವೀಪಕ್ಕೂ ಆಫ್ರಿಕಾದ ಅಲ್ಜೀರಿಯಕ್ಕೂ ನಡುವೆ 1857ರಲ್ಲಿ ಹಾಕಿದ್ದ ತಂತಿಯ ಕೇಬಲ್ ಕೆಟ್ಟಿತ್ತು. ಫ್ಲೀಮಿಂಗ್ ಜೆಂಕಿನ್ ಎಂಬ ಇಂಜಿನಿಯರು ಅದನ್ನು ಮೇಲೆತ್ತಿಸಿದಾಗ ಸುಮಾರು 1200 ಮಾರು ಆಳದಲ್ಲಿದ್ದ ತುಂಡುಗಳ ಮೇಲೆ ಹವಳದ ಪ್ರಾಣಿಗಳು ಬೆಳೆದಿದ್ದವು. ಹವಳವು ಈಜಿ ಬಂದು ಹಗ್ಗವನ್ನು ಹಿಡಿದುಕೊಳ್ಳುವ ಜೀವಿಯಲ್ಲ. ಕೂತಲ್ಲಿಯೇ ಸುಣ್ಣದ ಬುಡ ಕಟ್ಟಿ ಬೆಳೆಯುತ್ತದೆ, ಆ ಬುಡವು ಕೇಬಲ್ಲಿಗೆ ಗಾರೆ ಹಾಕಿದಂತೆ ಅಂಟಿತ್ತು. ಇನ್ನು ನಡುನೀರಿನ ಮಾತೆಲ್ಲಿ? ಪಂಡಿತರು ಇಪ್ಪತ್ತು ವರ್ಷ ವಾದಿಸಿದ್ದನ್ನು ಕೆಟ್ಟುಹೋದ ಒಂದು ಕೇಬಲ್ ಇತ್ಯರ್ಥಗೊಳಿಸಿದ ಈ ಪ್ರಸಂಗ ನನಗೆ ಬಹಳ ಇಷ್ಟ.

ಇತ್ತ ನಾರ್ವೆಯಲ್ಲಿ ಪಾದ್ರಿಯಾಗಿದ್ದು ಪ್ರಾಧ್ಯಾಪಕರಾದ ಮೈಕೇಲ್ ಸಾರ್ಸ್ ಮತ್ತು ಅವರ ಮಗ ಲೊಫೋಟೆನ್ ದ್ವೀಪಗಳ ಬಳಿ ಮುನ್ನೂರು ಮಾರಿನಿಂದ ಕಾಂಡವುಳ್ಳ ‘ಕಡಲ ಲಿಲ್ಲಿ’ಯೊಂದನ್ನು ತೆಗೆದಿದ್ದರು. ಹೆಸರು ಹೂವಿನದಾದರೂ ಇದು ನಕ್ಷತ್ರಮೀನಿನ ನಂಟಿನ ಪ್ರಾಣಿ. ಇದರ ಹತ್ತಿರದ ಬಂಧುಗಳೆಲ್ಲ ಪಳೆಯುಳಿಕೆಗಳಾಗಿ ಬಂಡೆಗಳಲ್ಲಿದ್ದವು. ಅದನ್ನು ನೋಡಿ ಬಂದ ವೈವಿಲ್ ಥಾಮ್ಸನ್, ಮಿತ್ರ ಕಾರ್ಪೆಂಟರರ ಜೊತೆಗೂಡಿ ಸರಕಾರದಿಂದ ಹಡಗನ್ನು ಪಡೆದರು. 1868ರ ‘ಲೈಟ್ನಿಂಗ್’ ಯಾತ್ರೆಯು 650 ಮಾರು ಮುಟ್ಟಿತು. ಮರುವರ್ಷದ ‘ಪೋರ್ಕ್ಯುಪೈನ್’ ಯಾತ್ರೆಯಲ್ಲಿ 2435 ಮಾರಿಗೆ, ಎಂದರೆ ಸುಮಾರು ನಾಲ್ಕೂವರೆ ಕಿಲೋಮೀಟರ್ ಆಳಕ್ಕೆ ಡ್ರೆಜ್ ಇಳಿಯಿತು. ಸಂಜೆ ಇಳಿಸಿದ್ದು ಮೇಲೆ ಬಂದಾಗ ನಡುರಾತ್ರಿ ಕಳೆದಿತ್ತು. ಚೀಲದಲ್ಲಿ ಎಪ್ಪತ್ತೈದು ಕಿಲೋ ಕೆಸರು, ಅದರಲ್ಲಿ ಚಿಪ್ಪಿನ ಪ್ರಾಣಿಗಳು, ಸಿಗಡಿಯ ಬಂಧುಗಳು, ನಕ್ಷತ್ರಮೀನುಗಳು.

ಆ ಹಡಗಿನ ಕಪ್ತಾನ ಕ್ಯಾಲ್ವರ್ ಮಾಡಿದ ಒಂದು ಉಪಾಯವನ್ನು ಹೇಳಲೇಬೇಕು. ಡ್ರೆಜ್‌ನ ಚೀಲದೊಳಗಿರುವುದಕ್ಕಿಂತ ಹೊರಗಿನ ಎಳೆಗಳಿಗೆ ಸಿಕ್ಕಿಕೊಂಡ ಪ್ರಾಣಿಗಳೇ ಕೆಲವೊಮ್ಮೆ ಹೆಚ್ಚಾಗಿರುವುದನ್ನು ಅವರು ಗಮನಿಸಿದರು. ಹಡಗಿನ ಅಟ್ಟ ಒರೆಸುವ ಸೆಣಬಿನ ಕುಚ್ಚುಗಳನ್ನು ಡ್ರೆಜ್‌ನ ಹಿಂದೆ ಕಟ್ಟಿಸಿದರು. ಮುಳ್ಳುಮೈಯ ಜೀವಿಗಳು ರಾಶಿರಾಶಿಯಾಗಿ ಅದಕ್ಕೆ ಸಿಕ್ಕಿಕೊಂಡು ಬಂದವು. ಮುಂದೆ ಎಲ್ಲ ನೌಕೆಗಳೂ ಇದನ್ನು ಅನುಸರಿಸಿದವು.

1872ರ ಡಿಸೆಂಬರಿನಲ್ಲಿ ಹೊರಟು 1876ರ ಮೇ ತಿಂಗಳಲ್ಲಿ ಮರಳಿದ ‘ಚಾಲೆಂಜರ್’ ನೌಕೆಯ ಹೆಸರನ್ನು ಅನೇಕರು ಕೇಳಿರುತ್ತೀರಿ. ಸುಮಾರು 69 ಸಾವಿರ ನಾವಿಕ ಮೈಲಿಗಳ ಯಾನ, 362 ನಿಲ್ದಾಣಗಳು, ನಾಲ್ಕು ಸಾವಿರಕ್ಕೂ ಮಿಕ್ಕಿದ ಹೊಸ ಜೀವಜಾತಿಗಳು, 1895ರಲ್ಲಿ ಮುಗಿದ ಐವತ್ತು ಸಂಪುಟಗಳ ವರದಿ. ಪುಸ್ತಕಗಳು ಇಷ್ಟಕ್ಕೆ ನಿಲ್ಲುತ್ತವೆ. ಹಗ್ಗ ಎಳೆದವರ ಕಡೆಯಿಂದ ನೋಡಿದರೆ ಕಥೆ ಬೇರೆ. ಮೈಲಿಗಟ್ಟಲೆ ಸೆಣಬಿನ ಹಗ್ಗ, ಅದನ್ನು ಸುತ್ತಲು ಒಂದು ಸಣ್ಣ ಉಗಿಯಂತ್ರ, ಒಂದೊಂದು ಸಲಕ್ಕೂ ಇಡೀ ದಿನದ ದುಡಿಮೆ. ಯಾತ್ರೆಯ ಮೊದಲ ತಿಂಗಳುಗಳಲ್ಲಿಯೇ ಹಗ್ಗದ ಬಿಗಿತಕ್ಕೆ ಕಿತ್ತು ಹಾರಿದ ಕಬ್ಬಿಣದ ರಾಟೆ ಬಡಿದು ಹಡಗಿನ ಹುಡುಗನೊಬ್ಬ ಸತ್ತ. ಅರುವತ್ತರಷ್ಟು ಮಂದಿ ಬಂದರುಗಳಲ್ಲಿ ಇಳಿದವರು ಮರಳಲೇ ಇಲ್ಲ. ವಿಜ್ಞಾನಿಗಳಲ್ಲಿ ಕಿರಿಯರಾದ ಜರ್ಮನಿಯ ವಿಲ್ಲೆಮೋಸ್-ಸೂಮ್ 1875ರಲ್ಲಿ ಪೆಸಿಫಿಕ್ಕಿನ ನಡುವೆ ಕಾಯಿಲೆಯಿಂದ ತೀರಿಕೊಂಡರು. ಪ್ರಾರಂಭದಲ್ಲಿ ಬಲೆ ಮೇಲೆ ಬಂದಾಗಲೆಲ್ಲ ಎಲ್ಲರೂ ಮುತ್ತಿಕೊಳ್ಳುತ್ತಿದ್ದರಂತೆ. ಕ್ರಮೇಣ ನಾವಿಕರ ಆಸಕ್ತಿ ಬತ್ತಿತು, ಊಟದ ಹೊತ್ತಿಗೆ ಬಲೆ ಬಂದರೆ ವಿಜ್ಞಾನಿಗಳೇ ಏಳುತ್ತಿರಲಿಲ್ಲ ಎಂದು ಅವರಲ್ಲೊಬ್ಬರಾದ ಮೋಸ್ಲಿ ಬರೆದಿಟ್ಟಿದ್ದಾರೆ. ಬಲೆಯಲ್ಲಿ ಬಂದ ಮೀನುಗಳ ಸ್ಥಿತಿಯೂ ದಾರುಣವೇ: ಒತ್ತಡ ಇಳಿದಂತೆ ಒಳಗಿನ ಗಾಳಿ ಹಿಗ್ಗಿ, ಕಣ್ಣುಗಳು ಹೊರಬಿದ್ದು, ಜಠರವು ಬಾಯಿಗೆ ಬಂದಿರುತ್ತಿತ್ತು.

ಜೀವವೇ ಇಲ್ಲವೆಂಬ ವಾದ ಬಿದ್ದೊಡನೆ ಅದರ ವಿರುದ್ಧದ ಅತಿರೇಕವೂ ಹುಟ್ಟಿತ್ತು. 1868ರಲ್ಲಿ ಮಹಾಪಂಡಿತರಾದ ಹಕ್ಸ್ಲಿಯವರು, ಸೀಸೆಯಲ್ಲಿಟ್ಟಿದ್ದ ಕಡಲಾಳದ ಕೆಸರಿನಲ್ಲಿ ಲೋಳೆಯನ್ನು ಕಂಡು, ಇದು ತಳವನ್ನೆಲ್ಲ ಆವರಿಸಿರುವ ಆದಿಜೀವವೆಂದು ಬಗೆದು ಅದಕ್ಕೆ ‘ಬ್ಯಾಥಿಬಿಯಸ್’ ಎಂಬ ಹೆಸರಿಟ್ಟರು. ಚಾಲೆಂಜರ್‌ನ ರಸಾಯನಶಾಸ್ತ್ರಜ್ಞ ಬುಕಾನನ್ ಹೊಸ ಕೆಸರನ್ನು ಪರೀಕ್ಷಿಸಿದಾಗ ಅಂಥದೇನೂ ಕಾಣಲಿಲ್ಲ. ಕಡಲನೀರಿಗೆ ಮದ್ಯಸಾರ ಬೆರೆತಾಗ ಒತ್ತರಿಸುವ ಕ್ಯಾಲ್ಸಿಯಂ ಸಲ್ಫೇಟ್ ಎಂಬ ಲವಣವೇ ಆ ಆದಿಜೀವ! ಹಕ್ಸ್ಲಿ ಅದನ್ನು 1875ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು.

ನಡುನೀರಿನ ಪ್ರಶ್ನೆ ಮಾತ್ರ ಇನ್ನೂ ಉಳಿದಿತ್ತು. ತಳದಲ್ಲಿ ಜೀವವುಂಟು, ಮೇಲ್ಮೈಯಲ್ಲಿ ಉಂಟು, ನಡುವೆ? ಚಾಲೆಂಜರ್‌ನ ಬಲೆಗಳ ಬಾಯಿ ಸದಾ ತೆರೆದಿರುತ್ತಿದ್ದುದರಿಂದ ಉತ್ತರ ಸಿಗಲಿಲ್ಲ. ಬೇಕಾದ ಆಳದಲ್ಲಿ ಬಾಯಿ ಮುಚ್ಚುವ ಬಲೆಗಳನ್ನು ಬಳಸಿ, ಅಲ್ಲಿಯೂ ಜೀವವಿದೆಯೆಂದು 1898-99ರ ಜರ್ಮನ್ ನೌಕೆ ‘ವಾಲ್ಡಿವಿಯಾ’ ತೋರಿಸಿತು.

ನಮ್ಮ ಕಡಲಿನ ಆಳವನ್ನು ಕೆದಕಿದ್ದು ‘ಇನ್ವೆಸ್ಟಿಗೇಟರ್’. 1881ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಈ ಹಡಗಿನ ನಿಜವಾದ ಕೆಲಸ ಸಮುದ್ರದ ನಕ್ಷೆ ತಯಾರಿಸುವುದು. ಆಳದ ಮೀನುಗಾರಿಕೆಯು ಬಿಡುವಿನಲ್ಲಿ ನಡೆಯಬೇಕು. 1888ರಿಂದ 1892ರವರೆಗೆ ಅದರ ವೈದ್ಯರೂ ಜೀವವಿಜ್ಞಾನಿಯೂ ಆಗಿದ್ದ ಆಲ್ಫ್ರೆಡ್ ಆಲ್ಕಾಕ್ ಬಂಗಾಳ ಕೊಲ್ಲಿ, ಅಂಡಮಾನ್, ಮಲಬಾರ್ ತೀರ ಮತ್ತು ಲಕ್ಷದ್ವೀಪಗಳ ನಡುವಣ ಕಡಲುಗಳಿಂದ ವಿಚಿತ್ರ ಜೀವಿಗಳನ್ನು ಮೇಲೆತ್ತಿಸಿದರು. (ಲಕ್ಷದ್ವೀಪದ ಉತ್ತರದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಈಗಿನ ಮಕ್ಕಳಿಗೆ ತಿಳಿಯದು.) ಹಿತ್ತಲಿನಲ್ಲಿ ಕಲ್ಲೆತ್ತಿದರೆ ಕಾಣುವ, ಮುಟ್ಟಿದರೆ ಮುದುಡಿಕೊಳ್ಳುವ ಹುಳುವನ್ನು ಒಂದಡಿ ಉದ್ದಕ್ಕೆ ಬೆಳೆಸಿದರೆ ಹೇಗಿರುತ್ತದೋ ಅಂಥ ‘ಬ್ಯಾಥಿನೋಮಸ್’ ಕೂಡ ಅವುಗಳಲ್ಲಿ ಒಂದು. ಈ ಜೀವಿಗಳ ಅತ್ಯಂತ ಸೂಕ್ಷ್ಮವಾದ ಚಿತ್ರಗಳನ್ನು ಬರೆದವರು ಚೌಧರಿ, ಮಂಡಲ್ ಎಂಬ ಬಂಗಾಳಿ ಕಲಾವಿದರು. ಆ ಪುಟಗಳನ್ನು ನೋಡಿದರೆ, ತಾವು ಎಂದೂ ಕಾಣದ ಕತ್ತಲೆಯ ಪ್ರಾಣಿಗಳ ಒಂದೊಂದು ಮೀಸೆಯನ್ನೂ ಅವರು ಎಷ್ಟು ತಾಳ್ಮೆಯಿಂದ ಬರೆದಿದ್ದಾರೆಂದು ಬೆರಗಾಗುತ್ತದೆ.

ಇನ್ನು ವಾಲಿಕ್. ಥಾಮ್ಸನ್ನರು ತಮ್ಮ ಪುಸ್ತಕದಲ್ಲಿ ಅವರ ಹದಿಮೂರು ನಕ್ಷತ್ರಮೀನುಗಳನ್ನು ಹೆಸರಿಸಿದ್ದರೂ ಅವರಿಗೆ ಸಮಾಧಾನವಾಗಲಿಲ್ಲ. ತಮಗೆ ಸಲ್ಲಬೇಕಾದುದು ಸಲ್ಲಲಿಲ್ಲವೆಂದು ಹಲವು ವರ್ಷ ಕಹಿಯಾಗಿ ವಾದಿಸುತ್ತಲೇ ಇದ್ದರು. ಲಂಡನ್ನಿನ ಲಿನ್ನಿಯನ್ ಸೊಸೈಟಿಯು 1898ರಲ್ಲಿ ತನ್ನ ಪದಕವನ್ನು ಕೊಟ್ಟು ಗೌರವಿಸಿದಾಗ ಅವರಿಗೆ ಎಂಬತ್ತು ದಾಟಿತ್ತು. ಮರುವರ್ಷ ತೀರಿಕೊಂಡರು. ಭಾರತದ ಕಡಲಾಳದ ಮೀನುಗಳನ್ನು ಕುರಿತ ಆಲ್ಕಾಕ್‌ರ ಗ್ರಂಥವು ವಾಲಿಕ್ ಹುಟ್ಟಿದ ಕಲ್ಕತ್ತೆಯಲ್ಲಿ ಅಚ್ಚಾದದ್ದೂ ಅದೇ 1899ರಲ್ಲಿ.